ಗಲ್ಫಿನ ಗೋಡೆಗಳು ಬಿಸಿಲನ್ನು ಮರೆತ ಕತೆ

ನಮ್ಮ ಕಾಸರಗೋಡಿನ ಕಡೆ ಗಲ್ಫ್ ಎಂದರೆ ಭೂಪಟದಲ್ಲಿ ಹುಡುಕಬೇಕಾದ ಊರಲ್ಲ. ಯಾವ ತರಗತಿಗೆ ಹೋದರೂ ಅಪ್ಪನೋ ಮಾವನೋ ಅಲ್ಲಿರುವ ಮಕ್ಕಳು ಸಿಗುತ್ತಾರೆ. ಅಲ್ಲಿನ ಚಿನ್ನದ ಬೆಲೆ ಗೊತ್ತು, ದಿರ್ಹಮ್ಮಿಗೆ ಎಷ್ಟು ರೂಪಾಯಿ ಎಂಬುದೂ ಗೊತ್ತು. ಆದರೆ 45 ಡಿಗ್ರಿ ಬಿಸಿಲಿರುವಾಗ ಅಲ್ಲಿನ ಅಂಗಡಿ, ಬ್ಯಾಂಕು, ಮಾಲುಗಳ ಒಳಗೆ ಅಷ್ಟು ತಣ್ಣಗಿರುವುದು ಹೇಗೆ ಎಂದು ಕೇಳಿ ನೋಡಿ. ಉತ್ತರ ಒಂದೇ: "ಏಸಿ ಉಂಟಲ್ಲ ಮಾಷ್ಟ್ರೇ!"

ಏಸಿ ಉಂಟು, ಸರಿ. ಆದರೆ ಏಸಿ ಬರುವುದಕ್ಕೆ ಮೊದಲೂ ಅಲ್ಲಿ ವ್ಯಾಪಾರ ಇತ್ತು. ಏಸಿ ಬಂದ ಮೇಲೂ ಗೋಡೆಗೆ ಒಂದು ಕೆಲಸ ಇದ್ದೇ ಇತ್ತು. ನಡುವೆ ಮೂವತ್ತು ನಲವತ್ತು ವರ್ಷ ಆ ಕೆಲಸವನ್ನು ಗೋಡೆ ಮರೆತುಬಿಟ್ಟಿತು. ಅದು ಹೇಗಾಯಿತು ಎಂಬುದೇ ಇವತ್ತಿನ ವಿಷಯ.

ಮೊದಲು ಹಳೆಯ ದುಬೈಗೆ ಹೋಗೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದು ಒಂದು ಅಳಿವೆಯ ದಡದ ಸಣ್ಣ ಊರು. ಮುತ್ತು ತೆಗೆಯುವುದು, ಮೀನು ಹಿಡಿಯುವುದು, ಹಡಗಿನ ವ್ಯಾಪಾರ, ಇಷ್ಟೇ. ಹೆಚ್ಚಿನವರ ಮನೆ 'ಅರೀಶ್', ಎಂದರೆ ಖರ್ಜೂರದ ಗರಿಯ ಗುಡಿಸಲು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎದುರು ದಡದ ಇರಾನಿನ ಲಿಂಗೆ ಬಂದರಿನಲ್ಲಿ ಸುಂಕ ಏರಿತು. ಇತ್ತ ದುಬೈಯ ಶೇಖ್ ಮಕ್ತೂಮ್ ಬಿನ್ ಹಶರ್ ಸುಂಕವನ್ನೇ ತೆಗೆದುಹಾಕಿದರು. ವ್ಯಾಪಾರಿಗಳಿಗೆ ಬೇರೆ ಕರೆಯೋಲೆ ಬೇಕೇ? ಗಂಟುಮೂಟೆ ಕಟ್ಟಿಕೊಂಡು ಬಂದರು. ಇರಾನಿನ ಬಸ್ತಕ್ ಸೀಮೆಯಿಂದ ಬಂದವರು ನೆಲೆಸಿದ ಕೇರಿಗೆ ಬಸ್ತಕೀಯ ಎಂದೇ ಹೆಸರಾಯಿತು. ಈಗ ಅದನ್ನು ಅಲ್ ಫಹೀದಿ ಎನ್ನುತ್ತಾರೆ.

ಈ ವರ್ತಕರ ಮನೆ ಬರಿಯ ಮನೆಯಲ್ಲ. ಸರಕು ಇಡುವ ಕೋಣೆಯೂ ವ್ಯಾಪಾರದ ಮಾತುಕತೆಯ ಮಜ್ಲಿಸ್ಸೂ ಅಲ್ಲೇ. ಗೋಡೆಗೆ ಬಳಸಿದ್ದು ಕಡಲಿನಿಂದ ಕಡಿದು ತಂದ ಹವಳದ ಕಲ್ಲು, ಮೇಲೆ ಜಿಪ್ಸಮ್ಮಿನ ಗಾರೆ. ಹವಳದ ಕಲ್ಲು ನಮ್ಮ ಮುರಕಲ್ಲಿನ ಹಾಗೆಯೇ ಮೈತುಂಬ ತೂತು, ಹಗುರ. ಆ ತೂತುಗಳಲ್ಲಿ ಗಾಳಿ ಸಿಕ್ಕಿಬಿದ್ದಿರುತ್ತದೆ. ಅಲುಗಾಡದ ಗಾಳಿ ಎಷ್ಟು ಒಳ್ಳೆಯ ಉಷ್ಣ ಅವಾಹಕ ಎಂದರೆ, ಕಾಂಕ್ರೀಟು ಅದಕ್ಕಿಂತ ಐವತ್ತು ಅರುವತ್ತು ಪಟ್ಟು ಬೇಗ ಶಾಖವನ್ನು ದಾಟಿಸುತ್ತದೆ. ಉಣ್ಣೆಯ ಕಂಬಳಿ, ಹಕ್ಕಿಯ ಗರಿ, ಥರ್ಮೋಕೋಲು, ಎಲ್ಲದರ ಗುಟ್ಟು ಇದೊಂದೇ. ಮಾಡಿಗೆ ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬಂದ ಕಾಂಡ್ಲಾ ಮರದ ಕಂಬಗಳು. ಬಾಗಿಲಿಗೆ ನಮ್ಮ ಮಲಬಾರು ಕರಾವಳಿಯಿಂದ ಹೋದ ತೇಗ. ಹೀಗೆ ನಮ್ಮ ಮರವೂ ಆ ಗೋಡೆಯಲ್ಲಿ ಒಂದು ಪಾಲು!

ಮಾಡಿನ ಮೇಲೆ ಚೌಕದ ಗೋಪುರ, ಅರಬಿಯಲ್ಲಿ ಬರ್ಜೀಲ್, ಪಾರಸಿಯಲ್ಲಿ ಬಾದ್‌ಗೀರ್. ಒಳಗೆ ಕತ್ತರಿ ಗುರುತಿನ ಹಾಗೆ ಅಡ್ಡಗೋಡೆ. ಗಾಳಿ ಬೀಸುವ ಮುಖದಿಂದ ಗಾಳಿ ಕೋಣೆಗೆ ಇಳಿಯುತ್ತದೆ, ಎದುರಿನ ಮುಖದಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಇದನ್ನು 'ಹಳೆಕಾಲದ ಏಸಿ' ಎಂದು ಪ್ರವಾಸಿಗರಿಗೆ ಹೇಳುವುದುಂಟು. ನನಗೆ ಆ ಮಾತು ಅಷ್ಟು ಒಪ್ಪಿಗೆಯಿಲ್ಲ. ಗೋಪುರ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಓಡಾಡಿಸುತ್ತದೆ ಅಷ್ಟೆ. ಮೈಯ ಬೆವರು ಆರಿದಾಗ ನಮಗೆ ತಂಪೆನಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಉಂಟು, ದೊಡ್ಡ ತರಗತಿಯ ಮಕ್ಕಳು ಗಮನಿಸಬೇಕು. ಬಿಸಿಲನ್ನು ತಡೆಯುವುದು ಬೇರೆ, ತಡಮಾಡುವುದು ಬೇರೆ. ಇರಾನಿನ ಒಳನಾಡಿನ ಯಜ್ದ್ ನಗರದಲ್ಲಿ ಎರಡಡಿ, ಮೂರಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಶಾಖವನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಅದು ಒಳಗೆ ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅಲ್ಲಿ ರಾತ್ರಿ ಚೆನ್ನಾಗಿ ತಣ್ಣಗಾಗುವುದರಿಂದ ಗೋಡೆಯೂ ತಣಿದು ಮರುದಿನಕ್ಕೆ ಸಿದ್ಧ. ಅಲ್ಲಿನ ಬಜಾರುಗಳು ಉದ್ದಕ್ಕೂ ಗುಮ್ಮಟದ ಮಾಡು ಹೊದ್ದುಕೊಂಡು, ನೆತ್ತಿಯಲ್ಲಿ ಒಂದು ಬೆಳಕಿನ ತೂತು ಬಿಟ್ಟುಕೊಂಡು ಬದುಕಿದ್ದು ಹೀಗೆ. ದುಬೈ ಹಾಗಲ್ಲ. ಸಮುದ್ರದ ಬದಿ, ಆಗಸ್ಟ್ ತಿಂಗಳಲ್ಲಿ ನಡುರಾತ್ರಿಯೂ 30 ಡಿಗ್ರಿಯ ಆಸುಪಾಸು, ಮೇಲಿಂದ ಬೆವರಿಳಿಸುವ ತೇವ. ಗೋಡೆಗೆ ತಣಿಯಲು ಬಿಡುವೇ ಇಲ್ಲ. ಅದಕ್ಕೇ ಅಲ್ಲಿ ದಪ್ಪಕ್ಕಿಂತ ತೂತಿನ ಕಲ್ಲು, ನೆರಳು, ಗಾಳಿ ಮುಖ್ಯವಾದವು.

ಮರುಭೂಮಿಯಲ್ಲಿ ಶಾಖವನ್ನು ನಿಜವಾಗಿ ತಡೆದು ವ್ಯಾಪಾರ ಮಾಡಿದ ಕಟ್ಟಡ ನೋಡಬೇಕೆಂದರೆ ಇರಾನಿನ 'ಯಖ್‌ಚಾಲ್' ನೋಡಬೇಕು. ಯಖ್ ಎಂದರೆ ಮಂಜುಗಡ್ಡೆ, ಚಾಲ್ ಎಂದರೆ ಗುಂಡಿ. ಚಳಿಗಾಲದ ರಾತ್ರಿ ತೆಳ್ಳಗಿನ ನೀರಿನ ಹಾಸಿನಲ್ಲಿ ಕಟ್ಟಿದ ಮಂಜನ್ನು ಗುಂಡಿಯಲ್ಲಿ ತುಂಬಿ ಬೇಸಗೆಯಲ್ಲಿ ಮಾರುತ್ತಿದ್ದರು. ಮೇಲೆ ದೊಡ್ಡ ಹುತ್ತದಂತಹ ಮಣ್ಣಿನ ಗುಮ್ಮಟ, ಬುಡದಲ್ಲಿ ಗೋಡೆ ಎರಡು ಮೀಟರಿನವರೆಗೂ ದಪ್ಪ. ಗಾರೆಗೆ ಮಣ್ಣು, ಮರಳು, ಸುಣ್ಣ, ಬೂದಿ, ಆಡಿನ ಕೂದಲು, ಮೊಟ್ಟೆಯ ಬಿಳಿ ಎಲ್ಲ ಸೇರಿಸುತ್ತಿದ್ದರು. ಮಂಜಿನ ಮೇಲೆ ಒಣಹುಲ್ಲು ಹೊದಿಸುತ್ತಿದ್ದರು. ಮೇಬೋದ್, ಕೆರ್ಮಾನ್ ಊರುಗಳಲ್ಲಿ ಅಂಥವು ಈಗಲೂ ನಿಂತಿವೆ. ಸರಕು ಕರಗಿದರೆ ನಷ್ಟ ಮಾಲಿಕನಿಗೇ ಅಲ್ಲವೇ? ಗೋಡೆ ಗಟ್ಟಿಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಸೂಕ್, ಅಂದರೆ ಪೇಟೆ. ಓಣಿ ಇಕ್ಕಟ್ಟು, ಮೇಲೆ ಗರಿಯ ಚಪ್ಪರ, ಅಂಗಡಿ ಒಂದು ಗೂಡಿನಷ್ಟು. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆದು ರಾತ್ರಿಯವರೆಗೆ ವ್ಯಾಪಾರ. ನಮ್ಮ ಊರಿನವರು ಗಲ್ಫಿನ ಅಂಗಡಿಗಳಲ್ಲಿ ಮಾಡುವ 'ಎರಡು ಹೊತ್ತಿನ ಡ್ಯೂಟಿ'ಯ ಹಿಂದೆ ಇರುವುದು ಈ ಹಳೆಯ ಅಭ್ಯಾಸ.

ಬದಲಾವಣೆ ಬಂದದ್ದು ಕರೆಂಟಿನೊಂದಿಗೆ. ಅಮೆರಿಕದ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಏಸಿಯನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಛಾಪಖಾನೆಯಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣ ತಪ್ಪುತ್ತಿದ್ದುದಕ್ಕೆ. ದುಬೈಯಲ್ಲಿ ವಿದ್ಯುತ್ ಕಂಪೆನಿ ಸ್ಥಾಪನೆಯಾದದ್ದು 1959ರಲ್ಲಿ, ದೀಪ ಉರಿದದ್ದು 1961ರಲ್ಲಿ. 1966ರಲ್ಲಿ ಎಣ್ಣೆ ಸಿಕ್ಕಿತು, 1969ರಿಂದ ಹೊರಗೆ ಹೋಗತೊಡಗಿತು. ಆಮೇಲೆ ಕಟ್ಟಿದ್ದೆಲ್ಲ ಎಂಟಿಂಚಿನ ಸಿಮೆಂಟ್ ಹಾಲೋ ಬ್ಲಾಕು, ಕಾಂಕ್ರೀಟಿನ ತಾರಸಿ, ಕಿಟಕಿಗೊಂದು ಗಡಗಡ ಎನ್ನುವ ಏಸಿ. ಶಾಖ ಒಳಗೆ ಬರಲಿ, ಏಸಿ ಹೊರಗೆ ಹಾಕುತ್ತದೆ! ಗೋಡೆ ಬರಿಯ ಪರದೆಯಾಯಿತು.

1973ರ ತೈಲ ಬಿಕ್ಕಟ್ಟು ನೆನಪಿರಬೇಕು, ಸಮಾಜ ಪಾಠದಲ್ಲಿ ಬರುತ್ತದೆ. ಎಣ್ಣೆಯ ಬೆಲೆ ನಾಲ್ಕು ಪಟ್ಟಾಯಿತು. ಬೆಲೆ ಕೊಟ್ಟು ಕೊಳ್ಳುವ ದೇಶಗಳು ಕಂಗಾಲಾಗಿ ಗೋಡೆಗೆ, ಮಾಡಿಗೆ ಶಾಖ ತಡೆ ಹಾಕುವ ನಿಯಮಗಳನ್ನು ತಂದವು. ಅಮೆರಿಕದ ಏಸಿ ಎಂಜಿನಿಯರುಗಳ ಸಂಘದ ಮೊದಲ ಇಂಧನ ಮಾನದಂಡ ಹೊರಬಂದದ್ದು 1975ರಲ್ಲಿ. ಮಾರುವ ದೇಶಗಳಿಗೆ ಅದೇ ಬೆಲೆಯೇರಿಕೆ ಕೈತುಂಬ ಹಣ ತಂದಿತು. ಆ ಹಣದಲ್ಲಿ ಎದ್ದ ಕಟ್ಟಡಗಳಲ್ಲಿ ಹೆಚ್ಚಿನವಕ್ಕೆ ಶಾಖ ತಡೆಯೇ ಇರಲಿಲ್ಲ. ಒಂದೇ ಘಟನೆ, ತಣ್ಣನೆಯ ದೇಶಕ್ಕೆ ಒಂದು ಪಾಠ, ಸುಡುವ ದೇಶಕ್ಕೆ ಅದರ ತದ್ವಿರುದ್ಧ. ಈ ಕತೆಯಲ್ಲಿ ನನ್ನನ್ನು ಬಹಳ ಕಾಡುವ ಭಾಗ ಇದು.

ಕುವೈತಿನ ಲೆಕ್ಕ ಕೇಳಿ. 1966ರಲ್ಲಿ ಅಲ್ಲಿ ಮನೆಗಳಿಗೆ ಕರೆಂಟಿನ ದರ ಯೂನಿಟ್ಟಿಗೆ 2 ಫಿಲ್ಸ್ ಎಂದು ಗೊತ್ತುಮಾಡಿದರು. ಸಾವಿರ ಫಿಲ್ಸಿಗೆ ಒಂದು ದೀನಾರ್. ಅರ್ಧ ಶತಮಾನ ಕಳೆದರೂ ಅಲ್ಲಿನ ಪ್ರಜೆಗಳ ಸ್ವಂತ ಮನೆಗಳಿಗೆ ಆ ದರ ಏರಲಿಲ್ಲ. ಬೇಸಗೆಯ ಗರಿಷ್ಠ ಬೇಡಿಕೆಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಏಸಿಗೇ. ಬಿಲ್ಲು ಕಟ್ಟುವವನಿಗೆ ಬಿಸಿ ತಟ್ಟದಿದ್ದರೆ ಗೋಡೆಗೆ ಹಣ ಹಾಕುವವರು ಯಾರು? ಕೊನೆಗೆ ಬಿಸಿ ತಟ್ಟಿದ್ದು ಸರಕಾರಕ್ಕೆ. ಹೊಸ ಹೊಸ ವಿದ್ಯುತ್ ಸ್ಥಾವರ ಕಟ್ಟಿ ಮುಗಿಯಲಿಲ್ಲ. 1983ರಲ್ಲಿ ಕುವೈತ್ ಇಂಧನ ಉಳಿತಾಯದ ಕಟ್ಟಡ ನಿಯಮ ತಂದಿತು. ಗಲ್ಫಿನಲ್ಲಿ ಇಂಥದ್ದು ಮೊದಲು. ಗೋಡೆಯ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, 0.57 ವಾಟಿಗಿಂತ ಹೆಚ್ಚು ಶಾಖ ದಾಟಬಾರದು ಎಂಬುದು ಅದರ ಒಂದು ಅಂಶ.

ಲೆಕ್ಕ ಹಾಕಿ ನೋಡೋಣವೇ? ಶಾಖ ತಡೆಯಿಲ್ಲದ ಬ್ಲಾಕಿನ ಗೋಡೆಯಲ್ಲಿ ಆ ಅಂಕಿ ಎರಡೂವರೆಯ ಆಸುಪಾಸು. ಹೊರಗೆ 46, ಒಳಗೆ 24, ವ್ಯತ್ಯಾಸ 22 ಡಿಗ್ರಿ. ಗೋಡೆ 100 ಚದರ ಮೀಟರ್. ಹಳೆಯ ಗೋಡೆಯಲ್ಲಿ 5500 ವಾಟ್ ಶಾಖ ಒಳಗೆ ಬರುತ್ತದೆ, ನಿಯಮದ ಗೋಡೆಯಲ್ಲಿ ಸುಮಾರು 1250. ನಡುವೆ ಇರುವುದು ನಾಲ್ಕೈದು ಸೆಂಟಿಮೀಟರ್ ಥರ್ಮೋಕೋಲಿನಂಥ ವಸ್ತು! ನೇರ ಬಿಸಿಲು ಬಿದ್ದ ಗೋಡೆಯ ಮೈ ಇನ್ನೂ ಬಿಸಿ, ಆಗ ಉಳಿತಾಯವೂ ಇನ್ನೂ ಹೆಚ್ಚು.

ಎಲ್ಲರೂ ಮರೆತಿದ್ದರು ಎಂದರೆ ಅನ್ಯಾಯವಾದೀತು. 1979ರಲ್ಲಿ ಉದ್ಘಾಟನೆಯಾದ ದುಬೈ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ವಾಸ್ತುಶಿಲ್ಪಿ ಜಾನ್ ಹ್ಯಾರಿಸ್ ಕಿಟಕಿಗಳನ್ನು ಕಾಂಕ್ರೀಟಿನ ಆಳವಾದ ಗೂಡುಗಳ ಹಿಂದೆ ಇಟ್ಟರು, ಬಿಸಿಲು ನೇರ ಗಾಜಿಗೆ ಬೀಳದಂತೆ. ಅದಕ್ಕಿಂತ ಧೈರ್ಯದ್ದು ಜಿದ್ದಾದ ನ್ಯಾಷನಲ್ ಕಮರ್ಷಿಯಲ್ ಬ್ಯಾಂಕ್, 1983ರದ್ದು, ಗಾರ್ಡನ್ ಬನ್‌ಶಾಫ್ಟ್ ಅವರ ವಿನ್ಯಾಸ. 27 ಮಹಡಿಯ ತ್ರಿಕೋನ ಕಟ್ಟಡ. ಹೊರಮೈಯಲ್ಲಿ ಕಿಟಕಿಯೇ ಇಲ್ಲ, ಬರಿಯ ಕಲ್ಲಿನ ಹೊದಿಕೆ. ನಡುನಡುವೆ ಮೂರು ಭಾರೀ ಬಾಯಿ ತೆರೆದು, ಒಳಗೆ ಅಂಗಳಗಳನ್ನು ಮಾಡಿ, ಕಚೇರಿಯ ಕಿಟಕಿಗಳನ್ನೆಲ್ಲ ಆ ನೆರಳಿನ ಅಂಗಳಕ್ಕೆ ತಿರುಗಿಸಿದ್ದಾರೆ. ಹಳೆಯ ಅರಬ್ ಮನೆಯ ನಡು ಅಂಗಳವನ್ನು ಆಕಾಶಕ್ಕೆ ಎತ್ತಿ ನಿಲ್ಲಿಸಿದ ಹಾಗೆ.

ಆದರೆ ಜನ ಮೆಚ್ಚಿದ್ದು ಗಾಜನ್ನು. ಶೇಖ್ ಜಾಯೆದ್ ರಸ್ತೆಯ ಎರಡೂ ಬದಿ ಗಾಜಿನ ಗೋಪುರಗಳು ಎದ್ದವು. ಈ ಗದ್ದಲದಲ್ಲಿ ಬಸ್ತಕೀಯದ ಅರ್ಧ ಭಾಗವನ್ನು 1980ರ ದಶಕದಲ್ಲಿ ಕೆಡವಿದ್ದೂ ಆಯಿತು. ಉಳಿದರ್ಧ ಉಳಿದದ್ದು ಅಲ್ಲೊಂದು ಹಳೆ ಮನೆಯನ್ನು ದುರಸ್ತಿ ಮಾಡಿಕೊಂಡು ವಾಸವಿದ್ದ ಬ್ರಿಟಿಷ್ ವಾಸ್ತುಶಿಲ್ಪಿ ರೇನರ್ ಆಟರ್ ಮುಂತಾದವರ ಹಟದಿಂದ, 1989ರಲ್ಲಿ ಬಂದಿದ್ದ ಬ್ರಿಟನ್ನಿನ ಯುವರಾಜ ಚಾರ್ಲ್ಸ್ ಆಡಿದ ಮಾತಿನಿಂದ.

ದುಬೈ ನಗರಸಭೆ ಏಸಿ ಇರುವ ಕಟ್ಟಡಗಳಿಗೆಲ್ಲ ಶಾಖ ತಡೆಯ ವಿವರವಾದ ನಿಯಮ ಮಾಡಿದ್ದು 2003ರಲ್ಲಿ. ಗೋಡೆಯ ಮಿತಿ ಅಲ್ಲಿಯೂ 0.57. 2011ರಲ್ಲಿ ಹಸಿರು ಕಟ್ಟಡ ನಿಯಮ ಸರಕಾರಿ ಕಟ್ಟಡಗಳಿಗೆ ಬಂತು, 2014ರಿಂದ ಹೊಸ ಕಟ್ಟಡಗಳಿಗೆಲ್ಲ. ಇದರಲ್ಲಿ ಮಾಡಿನ ಮಿತಿ 0.3. ನಡುಹಗಲಿನ ಬಿಸಿಲನ್ನೆಲ್ಲ ತಲೆಯ ಮೇಲೆ ಹೊರುವುದು ಮಾಡು ತಾನೇ! ಗಾಜಿಗೂ ಎರಡು ಪದರ, ನಡುವೆ ಗಾಳಿ, ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಬಂತು.

ಅಷ್ಟರಲ್ಲಿ ಇನ್ನೊಂದು ಅಪಾಯ ಹೊರಗೋಡೆಯಲ್ಲೇ ಅಂಟಿಕೊಂಡಿತ್ತು. ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪಾಲಿಥೀನ್ ತುಂಬಿದ ಹೊಳೆಯುವ ಶೀಟು. ನಮ್ಮಲ್ಲಿ ಎಸಿಪಿ ಎನ್ನುತ್ತಾರೆ. ಇದು ಶಾಖ ತಡೆಯಲ್ಲ, ಅಲಂಕಾರ. 2015ರ ಡಿಸೆಂಬರ್ 31ರ ರಾತ್ರಿ ಬುರ್ಜ್ ಖಲೀಫಾದ ಬಳಿಯ 63 ಮಹಡಿಯ ಅಡ್ರೆಸ್ ಹೋಟೆಲು ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು. ಒಂದು ದೀಪದ ತಂತಿಯ ಶಾರ್ಟ್ ಸರ್ಕ್ಯೂಟಿನಿಂದ ಶುರುವಾದದ್ದು, ಹೊರಮೈಯ ಶೀಟು ಹಿಡಿದು ಮಹಡಿಯಿಂದ ಮಹಡಿಗೆ ಏರಿತು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ ಇಂಥದೇ ಶೀಟು, ಅದರ ಹಿಂದೆ ಉರಿಯುವ ಜಾತಿಯ ಶಾಖ ತಡೆ, ಎರಡೂ ಸೇರಿ 72 ಜನರ ಪ್ರಾಣ ಹೋಯಿತು. ಯುಎಇಯ ಅಗ್ನಿ ಸುರಕ್ಷಾ ನಿಯಮ ಹೆಚ್ಚು ಬಿಗಿಯಾದದ್ದು ಇಂಥ ಬೆಂಕಿಗಳ ಬಳಿಕ. ಕಲ್ಲಿನ ನಾರಿನಿಂದ ಮಾಡಿದ ಹಲಗೆಗಳು ಉರಿಯುವುದಿಲ್ಲ, ಬೆಲೆ ಮಾತ್ರ ಜಾಸ್ತಿ.

ಹಳೆಯ ಕಟ್ಟಡಗಳ ಗತಿ? 2013ರಲ್ಲಿ ದುಬೈ ಎತಿಹಾದ್ ಎಸ್ಕೊ ಎಂಬ ಸಂಸ್ಥೆ ಮಾಡಿ, 2030ರೊಳಗೆ 30,000 ಕಟ್ಟಡಗಳನ್ನು ಸುಧಾರಿಸುವ ಗುರಿ ಇಟ್ಟುಕೊಂಡಿತು. ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ಬದಲಾಗುವುದು ದೀಪ, ಏಸಿ, ನಲ್ಲಿ. ಕಟ್ಟಿ ಮುಗಿದ ಗೋಡೆಗೆ ಮತ್ತೆ ಹೊದಿಕೆ ಹಾಕುವುದು ದುಬಾರಿ, ಖರ್ಚು ಮರಳಿ ಬರಲು ಬಹಳ ವರ್ಷ ಬೇಕು. ಕಟ್ಟುವಾಗ ಹಾಕಿದ್ದರೆ ಒಂದು ಪದರದ ಖರ್ಚು. ಅಲ್ಲಿ ಗೋಡೆಯ ಹೊರಗೆ ಅಟ್ಟಣಿಗೆಯ ಮೇಲೆ ನಿಂತು ಆ ಹಲಗೆ ಕೂರಿಸುವವರಲ್ಲಿ ನಮ್ಮ ದೇಶದವರೂ ಬಹಳ. ಬೇಸಗೆಯ ನಡುಹಗಲಿನಲ್ಲಿ ಬಯಲಿನ ಕೆಲಸ ನಿಲ್ಲಿಸಬೇಕೆಂಬ ನಿಯಮ ಯುಎಇಯಲ್ಲಿ ಬಂದದ್ದು 2005ರಲ್ಲಿ. ಸೂಕಿನ ಅಂಗಡಿಯವನಿಗೆ ಎಂದೋ ಇದ್ದ ಬಿಡುವು ಕಟ್ಟಡದ ಕೆಲಸದವನಿಗೆ ಸಿಗಲು ಅಷ್ಟು ಕಾಲ ಹಿಡಿಯಿತು.

ಇನ್ನು ಆ ಹಣ ನಮ್ಮ ಊರಿಗೆ ಬಂದು ಕಟ್ಟಿದ ಕಾಂಪ್ಲೆಕ್ಸುಗಳನ್ನು ನೋಡಿ. ನಮ್ಮ ಹೆದ್ದಾರಿ ಹೆಚ್ಚುಕಡಿಮೆ ತೆಂಕು ಬಡಗಾಗಿ ಓಡುತ್ತದೆ. ಹಾಗಾಗಿ ಒಂದು ಬದಿಯ ಅಂಗಡಿಗಳೆಲ್ಲ ಪಡುವಣಕ್ಕೆ ಮುಖ ಮಾಡಿವೆ. ಆ ಮುಖಕ್ಕೇ ಉದ್ದಕ್ಕೂ ಒಂದು ಪದರದ ಗಾಜು, ಮೇಲೆ ಎಸಿಪಿ ಶೀಟು, ನಡುವೆ ಅಂಗಡಿಯ ಹೆಸರಿನ ದೀಪದ ತಂತಿಗಳು! ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಪರದೆ ಇಳಿಸಿ, ಏಸಿ ಹದಿನೆಂಟಕ್ಕೆ ಇಟ್ಟು ಕೂತಿರುತ್ತಾರೆ. ಭಾರತದಲ್ಲೂ ವಾಣಿಜ್ಯ ಕಟ್ಟಡಗಳಿಗೆ ಇಂಧನ ಉಳಿತಾಯದ ಸಂಹಿತೆ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. ಆದರೆ ಅದು 100 ಕಿಲೋವಾಟಿನಷ್ಟು ವಿದ್ಯುತ್ ಸಂಪರ್ಕದ ದೊಡ್ಡ ಕಟ್ಟಡಗಳನ್ನು ನೋಡಿ ಮಾಡಿದ್ದು. ನಮ್ಮ ಪೇಟೆಯ ಎರಡು ಮಹಡಿಯ ಕಾಂಪ್ಲೆಕ್ಸು ಅದರ ಲೆಕ್ಕಕ್ಕೆ ಬರುವುದು ಅಪರೂಪ. ಅದೇ ಕಾಂಪ್ಲೆಕ್ಸಿನ ಹಿಂದಿನ ಗೋಡೆ, ಗಿರಾಕಿಗೆ ಕಾಣದ್ದು, ಹೆಚ್ಚಾಗಿ ಗಾರೆಯೂ ಇಲ್ಲದ ಮುರಕಲ್ಲಿನದು.