ಮುನ್ನೂರಕ್ಕೆ ಕೊಂಡು ನಾನೂರೈವತ್ತಕ್ಕೆ ಓಡಿಸಿದ ಕಥೆ

ಓವರ್‌ಕ್ಲಾಕಿಂಗ್ ಇತಿಹಾಸ ಅಂದ್ರೆ ನನಗೆ ಮೊದಲು ನೆನಪಾಗೋದು 1998ರ ಇಂಟೆಲ್ ಸೆಲೆರಾನ್ 300ಎ. ಅದರ ಗುಣಕ 4.5ಕ್ಕೆ ಬೀಗ ಹಾಕಿದ್ದರು. ಬಸ್ ವೇಗ 66 ಮೆಗಾಹರ್ಟ್ಸ್, ಅಂದ್ರೆ ಚಿಪ್ಪಿಗೆ 300. ಜನ ಬಸ್ ವೇಗವನ್ನೇ 100ಕ್ಕೆ ಏರಿಸಿದರು. ಅಗ್ಗದ ಚಿಪ್ಪು 450ರಲ್ಲಿ ಓಡಿತು!

ಆದರೆ ಮೆಮೊರಿಯೂ ಅದೇ ತಾಳಕ್ಕೆ ಕುಣಿಯಬೇಕಲ್ಲ? 66ಕ್ಕೆಂದು ಮಾಡಿದ ರ‍್ಯಾಮ್ ಎಷ್ಟೋ ಸಲ ಕೈಕೊಡುತ್ತಿತ್ತು, ಪಿಸಿ100 ಬೇಕಾಗುತ್ತಿತ್ತು. ಬೈಗುಳ ಮಾತ್ರ ವಿಂಡೋಸ್‌ಗೆ!

ನೀಲಿ ಪರದೆಗಿಂತ ನನಗೆ ಹೆಚ್ಚು ಭಯ ಸದ್ದಿಲ್ಲದೆ ಮಗುಚಿದ ಒಂದು ಬಿಟ್‌ನದು. ಫೋಟೋ ಕೆಟ್ಟದ್ದು ತಿಂಗಳಾದ ಮೇಲೆ ಗೊತ್ತಾಗುತ್ತೆ.

ಕ್ರಿಸ್ ಬ್ರೇಡಿ ಬರೆದ ಮೆಮ್‌ಟೆಸ್ಟ್86 ವಿಂಡೋಸ್ ಹಂಗಿಲ್ಲದೆ ತಾನೇ ಬೂಟ್ ಆಗಿ, ಮೆಮೊರಿ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತೆ. ಬೂಟ್ ಆದ ಮಾತ್ರಕ್ಕೆ ಗೆದ್ದಂತಲ್ಲ. ರಾತ್ರಿಯಿಡೀ ಒಂದೂ ತಪ್ಪಿಲ್ಲದೆ ಓಡಿದರೆ ಸ್ವಲ್ಪ ನಂಬಬಹುದು. ಏನಂತೀರಿ?