ದ ಡಾಲ್ಸ್ ಪಟ್ಟಣದ ಸೆಪ್ಟೆಂಬರ್

ಸಾರ್ವಜನಿಕ ಆರೋಗ್ಯ ಓದಲೆಂದು ಪುಣೆಗೆ ಬಂದ ಹೊಸತರಲ್ಲಿ ಕೋರೆಗಾಂವ್ ಪಾರ್ಕಿನ ಓಶೋ ಆಶ್ರಮದ ಮುಂದೆ ಹಾದು ಹೋಗುತ್ತಿದ್ದೆ. ಆ ಆಶ್ರಮದ ನಂಟಿರುವ ಕಥೆಯೊಂದು ನನ್ನ ಪಾಠದಲ್ಲೇ ಎದುರಾಗುತ್ತದೆಂದು ಅಂದುಕೊಂಡಿರಲಿಲ್ಲ.

ಅಮೆರಿಕದ ಆರೆಗನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಂಡೆಯ ಮೇಲೆ ದ ಡಾಲ್ಸ್ ಎಂಬ ಸಣ್ಣ ಪಟ್ಟಣವಿದೆ. 1984ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಜನ ವಾಂತಿ, ಭೇದಿ, ಜ್ವರ ಎಂದು ಮಲಗತೊಡಗಿದರು. ಅಕ್ಟೋಬರಿನ ಹೊತ್ತಿಗೆ ಕಾಯಿಲೆ ಬಿದ್ದವರು 751 ಮಂದಿ. ನಲವತ್ತೈದು ಜನ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಕೌಂಟಿಯ ಆರೋಗ್ಯ ಇಲಾಖೆ ಚಿಕ್ಕದು. ಆದರೂ ಅಲ್ಲಿಯವರು ಕಲಿತದ್ದನ್ನೆಲ್ಲ ಸರಿಯಾಗಿಯೇ ಮಾಡಿದರು. ರೋಗಿಗಳನ್ನು ಎಣಿಸಿದರು, ಎಲ್ಲಿ ಏನು ತಿಂದಿರಿ ಎಂದು ಕೇಳಿದರು, ಮಲದ ಮಾದರಿ ಪರೀಕ್ಷೆಗೆ ಕಳಿಸಿದರು. ಸಾಲ್ಮೊನೆಲ್ಲಾ ಸಿಕ್ಕಿತು. ಹತ್ತು ಹೋಟೆಲುಗಳ ಹೆಸರು ಬಂತು, ಬಹುಪಾಲು ಬೆರಳು ಸಲಾಡ್ ಬಾರ್‌ನತ್ತ ತೋರಿತು. ಸಲಾಡ್ ಬಾರ್‌ಗಳು ಮುಚ್ಚಿದವು. ಅಟ್ಲಾಂಟಾದ ಸಿಡಿಸಿಯಿಂದ ತಜ್ಞರೂ ಬಂದರು. ಆದರೆ ಅಷ್ಟು ಹೋಟೆಲುಗಳಿಗೂ ಸಮಾನವಾದ ತರಕಾರಿಯಾಗಲಿ ನೀರಾಗಲಿ ಸಿಗಲಿಲ್ಲ. ಅಡುಗೆಯವರ ಕೈ ಶುಚಿಯಾಗಿರದೆ ಹರಡಿರಬೇಕು ಎಂದು ಅಧಿಕಾರಿಗಳು ತೀರ್ಮಾನಿಸಿದರು.

ನಿಜ ಹೊರಬಿದ್ದದ್ದು ಒಂದು ವರ್ಷದ ನಂತರ. 1981ರಲ್ಲಿ ಪುಣೆ ಬಿಟ್ಟು ಹೋದ ರಜನೀಶರ ಶಿಷ್ಯರು ಅದೇ ಕೌಂಟಿಯಲ್ಲಿ ರಜನೀಶ್‌ಪುರಂ ಕಟ್ಟಿದ್ದರು. ಜಮೀನಿನ ಬಳಕೆಯ ವಿಚಾರಕ್ಕೆ ಆಡಳಿತದೊಂದಿಗೆ ಜಗಳ ಹತ್ತಿತ್ತು. ನವೆಂಬರಿನ ಚುನಾವಣೆಯ ದಿನ ಊರಿನ ಮತದಾರರು ಹಾಸಿಗೆ ಹಿಡಿದರೆ ಗೆಲುವು ತಮ್ಮದು ಎಂದು ಕೆಲವು ಮುಖಂಡರು ಲೆಕ್ಕ ಹಾಕಿ, ಅದಕ್ಕೆ ಮೊದಲ ಪ್ರಯೋಗವಾಗಿ ಸಲಾಡಿಗೆ ರೋಗಾಣು ಬೆರೆಸಿದ್ದರು. 1985ರ ಅಕ್ಟೋಬರಿನಲ್ಲಿ ಅವರ ಪ್ರಯೋಗಾಲಯದಲ್ಲೇ ಅದೇ ತಳಿ ಸಿಕ್ಕಿತು. ಶೀಲಾ ಮತ್ತು ಪೂಜಾ ಜೈಲಿಗೆ ಹೋದರು. ಪೂಜಾ ಕಲಿತದ್ದು ನರ್ಸಿಂಗ್.

ಯಾರಾದರೂ ಬೇಕೆಂದೇ ಬೆರೆಸಿರಬಹುದೇ ಎಂಬ ಪ್ರಶ್ನೆ ತನಿಖೆ ಮಾಡಿದವರಿಗೆ ಹೊಳೆದಿರಲಿಲ್ಲವೆಂದಲ್ಲ. ಹೊಳೆದರೂ ಪಕ್ಕಕ್ಕಿಟ್ಟರು. ಹೊಣೆ ಹೊತ್ತವರಿರಲಿಲ್ಲ, ಅಂಥದ್ದು ನಡೆದ ಉದಾಹರಣೆ ಕೈಯಲ್ಲಿರಲಿಲ್ಲ. ಊರಿನವರಿಗೆ ಮಾತ್ರ ಮೊದಲಿನಿಂದಲೂ ಆ ಹೊರಗಿನವರ ಮೇಲೇ ಅನುಮಾನ. ಇದು ನನ್ನನ್ನು ಇಂದಿಗೂ ಕಾಡುತ್ತದೆ. ಪರವೂರಲ್ಲಿ ಬಾಳುವ ನಮಗೆ ಗೊತ್ತಲ್ಲ, ಏನಾದರೂ ಕೆಟ್ಟದ್ದಾದರೆ ಬೆರಳು ಮೊದಲು ತಿರುಗುವುದು ವಲಸೆ ಬಂದವರತ್ತ. ಪುರಾವೆಯಿಲ್ಲದೆ ಆರೋಪ ಹೊರಿಸದ ಆ ಅಧಿಕಾರಿಗಳನ್ನು ನಾನು ಹಳಿಯಲಾರೆ. ಆದರೆ ಆ ಸಲ ಊರಿನವರ ಅನುಮಾನವೇ ನಿಜವಾಗಿತ್ತು.

ಇದಕ್ಕೆ ಉತ್ತರ ತರಬೇತಿಯಲ್ಲಿದೆ. ತನಿಖೆಯ ವಿವರವಾದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1997ರಲ್ಲಿ. ಓದಿ ಮತ್ತೊಬ್ಬರು ನಕಲು ಮಾಡಿಯಾರೆಂಬ ಅಂಜಿಕೆ ಅದನ್ನು ಅಷ್ಟು ವರ್ಷ ತಡೆದಿತ್ತು. 1999ರಲ್ಲಿ ಸ್ಥಳೀಯ ಪ್ರಯೋಗಾಲಯಗಳನ್ನು ಸಿಡಿಸಿಗೆ ಜೋಡಿಸುವ ಜಾಲ ಶುರುವಾಗಿ, ಅಲ್ಲಿಯ ಸಿಬ್ಬಂದಿ ಅಪರೂಪದ ರೋಗಾಣುಗಳನ್ನು ಗುರುತಿಸಲು ಕಲಿತರು. 2001ರ ಅಕ್ಟೋಬರಿನಲ್ಲಿ ಫ್ಲಾರಿಡಾದಲ್ಲಿ ಬಾಬ್ ಸ್ಟೀವನ್ಸ್ ಆಸ್ಪತ್ರೆ ಸೇರಿದಾಗ ವೈದ್ಯರಿಗೆ ಆಂಥ್ರಾಕ್ಸ್ ಶಂಕೆ ಬಂತು. ಮಾದರಿಯನ್ನು ಪರೀಕ್ಷಿಸಿದ ರಾಜ್ಯ ಪ್ರಯೋಗಾಲಯದ ಸಿಬ್ಬಂದಿಗೆ ಆ ತರಬೇತಿ ಆಗಲೇ ಸಿಕ್ಕಿತ್ತು. ಎರಡೇ ದಿನಗಳಲ್ಲಿ ರೋಗ ಖಚಿತವಾಯಿತು. ಸ್ಟೀವನ್ಸ್ ಉಳಿಯಲಿಲ್ಲ. ಅಂಚೆಯಲ್ಲಿ ಬಂದ ಆ ಪುಡಿಯಿಂದ 22 ಮಂದಿಗೆ ಸೋಂಕು ತಗುಲಿ ಐವರು ಸತ್ತರು. ಆದರೆ ಉಳಿದವರನ್ನು ಹುಡುಕಿ ಔಷಧಿ ಕೊಡುವ ಕೆಲಸ ಬೇಗ ಆರಂಭವಾಗಲು ಆ ಖಚಿತ ಉತ್ತರವೇ ಕಾರಣ. ಆಮೇಲೆ ಪೊಲೀಸರನ್ನೂ ಆರೋಗ್ಯ ಸಿಬ್ಬಂದಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವ ಕ್ರಮ ಬಂತು.

ನಮ್ಮಲ್ಲಿ 2004ರಲ್ಲಿ ಆರಂಭವಾದ ರೋಗ ಕಣ್ಗಾವಲು ಯೋಜನೆಯಲ್ಲಿ ಹಳ್ಳಿಯ ಎಎನ್ಎಂ ಸಿಸ್ಟರ್ ತುಂಬುತ್ತಿದ್ದ ವಾರದ ನಮೂನೆಯೂ ಇದೇ ದಾರಿಯ ಮೊದಲ ಹೆಜ್ಜೆಯಾಗಿತ್ತು. ಈ ವಾರ ಭೇದಿ ಎಷ್ಟು, ಜ್ವರ ಎಷ್ಟು ಎಂಬ ಬೇಸರದ ಲೆಕ್ಕ ಅದಾಗಿತ್ತು. ಅಂಥ ಲೆಕ್ಕ ಸರಿಯಿದ್ದರೆ ಮಾತ್ರ ಎಂದಾದರೊಂದು ದಿನ ಅದರಲ್ಲಿ ಹೊಂದದ ಸಂಖ್ಯೆ ಕಣ್ಣಿಗೆ ಬಿದ್ದೀತು. ಆಗ ಹೊರಗಿನವರ ಕಡೆ ನೋಡದೆ ಪುರಾವೆಯ ಕಡೆ ನೋಡಲು ಕಲಿತವರು ಅಲ್ಲಿರಬೇಕು.