ಮಲೆನಾಡು ಮತ್ತು ಕೊಡಗಿನ ಕಾಡು ಅಣಬೆಗಳು: ಅಡುಗೆ, ಆಚರಣೆ ಮತ್ತು ಸುರಕ್ಷತೆ

ಪೀಠಿಕೆ

ಕರ್ನಾಟಕದ ಪಶ್ಚಿಮ ಘಟ್ಟ ಸಾಲಿನ ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಮಲೆ ಪ್ರದೇಶದಲ್ಲಿ ಮುಂಗಾರಿನ ಆರಂಭದೊಂದಿಗೆ ಕಾಡು ಅಣಬೆಗಳು ಏಳುತ್ತವೆ. ಬಿತ್ತನೆಯಿಲ್ಲದೆ ದೊರೆಯುವ ಈ ಆಹಾರವು ವರ್ಷದಲ್ಲಿ ಕೆಲವು ವಾರಗಳು ಮಾತ್ರ ಲಭ್ಯವಿರುತ್ತದೆ. ಯಾವ ಅಣಬೆ ತಿನ್ನಲು ಯೋಗ್ಯ, ಯಾವುದು ಅಲ್ಲ ಎಂಬ ತಿಳಿವಳಿಕೆಯು ಸ್ಥಳ, ಮಳೆ ಮತ್ತು ಹಿರಿಯರ ಗುರುತನ್ನು ಆಧರಿಸಿ ತಲೆಮಾರುಗಳಿಂದ ನಡೆದುಬಂದಿದೆ. ಈ ತಿಳಿವಳಿಕೆ ಇಲ್ಲದೆ ಅಣಬೆಯನ್ನು ಬಳಸಿದಲ್ಲಿ ಪ್ರಾಣಾಪಾಯ ಸಂಭವಿಸುವುದುಂಟು. ಸಾರ್ವಜನಿಕರ ಹಾಗೂ ಅರಣ್ಯ ಹಕ್ಕಿಗಾಗಿ ಅರ್ಜಿ ಸಲ್ಲಿಸುವವರ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹೆಸರುಗಳು

ಕನ್ನಡದಲ್ಲಿ ಅಣಬೆ ಎಂಬುದು ಸಾಮಾನ್ಯ ಹೆಸರು. ಕರಾವಳಿಯ ಕನ್ನಡದಲ್ಲಿ ಅಳಂಬೆ, ತುಳುವಿನಲ್ಲಿ ಲಾಂಬು, ಕೊಡವ ಭಾಷೆಯಲ್ಲಿ ಕುಮ್ಮ್ ಎಂದು ಕರೆಯುತ್ತಾರೆ. ತಿನ್ನಲಾಗದ ಅಣಬೆಗಳನ್ನು ನಾಯಿಕೊಡೆ ಎಂದು ಕರೆದು ಬೇರ್ಪಡಿಸುವ ರೂಢಿ ಅನೇಕ ಕಡೆ ಇದೆ.

2. ಹುತ್ತದ ಅಣಬೆ

ಮಲೆನಾಡಿನ ಅಡುಗೆಯಲ್ಲಿ ಹೆಚ್ಚು ಮನ್ನಣೆ ಪಡೆದಿರುವುದು ಗೆದ್ದಲಿನ ಗೂಡಿನಿಂದ ಏಳುವ ಅಣಬೆ. ಇದರ ಕುಲವನ್ನು ಫ್ರಾನ್ಸ್ ದೇಶದ ವಿಜ್ಞಾನಿ ರೋಜರ್ ಹೈಮ್ ಅವರು 1942ರಲ್ಲಿ ಟರ್ಮಿಟೋಮೈಸಿಸ್ ಎಂದು ಹೆಸರಿಸಿದರು. ಗೆದ್ದಲುಗಳು ಒಣಗಿದ ಎಲೆ ಮತ್ತು ಮರದ ಚೂರುಗಳನ್ನು ತಿಂದು, ನೆಲದೊಳಗೆ ಜೇನುಹಲ್ಲೆಯಂತಹ ರಚನೆಯನ್ನು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ಶಿಲೀಂಧ್ರವು ಗಡಸು ಸಸ್ಯಾಂಶವನ್ನು ಕರಗಿಸಿ ಗೆದ್ದಲಿಗೆ ಆಹಾರವನ್ನು ಒದಗಿಸುತ್ತದೆ. ಮಳೆಯ ತೇವ ಸಾಕಷ್ಟು ಇಳಿದಾಗ ಅದೇ ಹಲ್ಲೆಯಿಂದ ಬೇರಿನಂತಹ ಉದ್ದನೆಯ ಕಾಂಡವು ಮಣ್ಣನ್ನು ಸೀಳಿಕೊಂಡು ಮೇಲೆ ಬಂದು ಕೊಡೆಯಂತೆ ಅರಳುತ್ತದೆ. ಮೇಲ್ನೋಟಕ್ಕೆ ಹುತ್ತ ಕಾಣದಿರುವ ಸ್ಥಳದಲ್ಲಿಯೂ ನೆಲದಡಿಯ ಗೂಡಿನಿಂದ ಅಣಬೆ ಏಳುವುದುಂಟು.

ಗೂಡು ಜೀವಂತವಾಗಿರುವವರೆಗೆ ಅಣಬೆಯು ಸಾಮಾನ್ಯವಾಗಿ ಅದೇ ಸ್ಥಳದಲ್ಲಿ ಮರಳಿ ಏಳುತ್ತದೆ. ಆದುದರಿಂದಲೇ ಮಲೆನಾಡಿನ ಕುಟುಂಬಗಳಲ್ಲಿ ಅಣಬೆಯ ಜಾಗಗಳನ್ನು ನೆನಪಿಟ್ಟುಕೊಂಡು ಮಕ್ಕಳಿಗೆ ತೋರಿಸಿಕೊಡುವ ಪದ್ಧತಿ ಬೆಳೆದಿದೆ. ಗೆದ್ದಲು ಮತ್ತು ಶಿಲೀಂಧ್ರದ ಈ ಪರಸ್ಪರ ಅವಲಂಬನೆಯ ಕಾರಣದಿಂದ, ಚಿಪ್ಪು ಅಣಬೆ ಅಥವಾ ಗುಂಡಿ ಅಣಬೆಯಂತೆ ಹುತ್ತದ ಅಣಬೆಯನ್ನು ವಾಣಿಜ್ಯ ಪ್ರಮಾಣದಲ್ಲಿ ಕೃಷಿ ಮಾಡಲು ಸಾಧ್ಯವಾಗಿಲ್ಲ. ಗೂಡು ನಾಶವಾದರೆ ಆ ಸ್ಥಳದ ಅಣಬೆಯೂ ಇಲ್ಲವಾಗುತ್ತದೆ.

3. ಕಲ್ಲಣಬೆ

ಕೊಡೆಯಾಕಾರವಿಲ್ಲದ, ಗೋಲಿಯಂತೆ ದುಂಡಗಿರುವ ಕಲ್ಲಣಬೆಯು ಘಟ್ಟದ ತಪ್ಪಲು ಮತ್ತು ಕರಾವಳಿಯ ಮುರಕಲ್ಲು ಭೂಮಿಯಲ್ಲಿ ಮೊದಲ ಮಳೆಗಳ ನಂತರ ಮಣ್ಣಿನಲ್ಲಿ ಅರ್ಧ ಹುದುಗಿ ದೊರೆಯುತ್ತದೆ. ಇದು ಕೆಲವು ಜಾತಿಯ ಮರಗಳ ಬೇರಿನೊಂದಿಗೆ ಕೂಡಿ ಬದುಕುವ ಶಿಲೀಂಧ್ರ. ಎಳೆಯದಾಗಿ, ಒಳಭಾಗವು ಪೂರ್ಣ ಬೆಳ್ಳಗಿರುವಾಗ ಮಾತ್ರ ಇದನ್ನು ಅಡುಗೆಗೆ ಬಳಸುತ್ತಾರೆ. ಬಲಿತಂತೆ ಒಳಭಾಗವು ಕಪ್ಪಾಗಿ ಪುಡಿಯಾಗುತ್ತದೆ. ಇದನ್ನು ಹೋಲುವ ವಿಷಕಾರಿ ಜಾತಿಯ ದುಂಡಣಬೆಗಳೂ ಇರುವುದರಿಂದ ಪ್ರತಿಯೊಂದನ್ನೂ ಕೊಯ್ದು ನೋಡುವುದು ರೂಢಿ.

4. ಮಳೆ ಮತ್ತು ನಂಬಿಕೆ

ರೈತರ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಜೂನ್ ಮೊದಲ ವಾರದ ನಂತರ ಮೃಗಶಿರಾ, ಜೂನ್ ಮೂರನೆಯ ವಾರದ ನಂತರ ಆರಿದ್ರಾ ಮಳೆ ಬರುತ್ತದೆ. ಗುಡುಗಿದರೆ ಅಣಬೆ ಏಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮುಂಗಾರಿನ ಆರಂಭದ ಮಳೆಗಳು ಗುಡುಗಿನೊಂದಿಗೆ ಬರುವುದರಿಂದ ಈ ನಂಬಿಕೆಯು ಕಾಲಸೂಚಿಯಾಗಿ ಉಪಯುಕ್ತವಾಗಿದೆ.

ಹುತ್ತವನ್ನು ನಾಗನ ನೆಲೆಯೆಂದು ಭಾವಿಸಿ ನಾಗರಪಂಚಮಿಯಂದು ಪೂಜಿಸುವ ಸಂಪ್ರದಾಯವಿರುವುದರಿಂದ ಹುತ್ತವನ್ನು ಒಡೆಯಲು ಜನರು ಹಿಂಜರಿಯುತ್ತಾರೆ. ಈ ಆಚರಣೆಯು ಅಣಬೆಯ ಮೂಲವನ್ನೂ ರಕ್ಷಿಸುತ್ತಾ ಬಂದಿದೆ.

ಕೊಡಗಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸವು ಭಾರಿ ಮಳೆಯ, ಗದ್ದೆ ಕೆಲಸದ ಕಾಲ. ಈ ಮಾಸದ ಊಟದಲ್ಲಿ ಕಣಿಲೆ, ಏಡಿ, ಕೆಸುವಿನೊಂದಿಗೆ ಅಣಬೆಯೂ ಸೇರಿದೆ. ಇನ್ನು ಕೆಲವು ಸಮುದಾಯಗಳಲ್ಲಿ ಸಂಪ್ರದಾಯದ ಕಾರಣದಿಂದ ಅಣಬೆಯು ವರ್ಜ್ಯವಾಗಿದೆ.

5. ಅಡುಗೆಯ ಕ್ರಮ

ಅಣಬೆಯನ್ನು ತಂದ ದಿನವೇ ಅಡುಗೆ ಮಾಡುವುದು ಸಾಮಾನ್ಯ ನಿಯಮ. ತಡವಾದಲ್ಲಿ ಅಣಬೆಯು ಮೆತ್ತಗಾಗಿ ಹುಳು ಬೀಳುತ್ತದೆ. ಕಾಂಡದ ಮಣ್ಣನ್ನು ಚಾಕುವಿನಿಂದ ಹೆರೆದು, ಹಲವು ಬಾರಿ ನೀರಿನಲ್ಲಿ ತೊಳೆದು, ಕೈಯಿಂದ ಸೀಳಿ ಬಳಸುತ್ತಾರೆ.

ಮಲೆನಾಡಿನಲ್ಲಿ ಹುರಿದ ಕೊತ್ತಂಬರಿ, ಜೀರಿಗೆ, ಒಣಮೆಣಸಿನಕಾಯಿ ಮತ್ತು ತೆಂಗಿನ ತುರಿಯನ್ನು ರುಬ್ಬಿ ಅಣಬೆ ಸಾರು ಮಾಡುತ್ತಾರೆ. ನೀರು ಸೇರಿಸದೆ ಅಣಬೆ ಬಿಡುವ ರಸದಲ್ಲಿಯೇ ಬೇಯಿಸಿ ಪಲ್ಯವನ್ನೂ ಮಾಡುತ್ತಾರೆ. ಇವು ಅಕ್ಕಿ ರೊಟ್ಟಿ ಹಾಗೂ ಕಡುಬಿಗೆ ಹೊಂದುತ್ತವೆ. ಕೊಡಗಿನಲ್ಲಿ ಕುಮ್ಮ್ ಕರಿಯನ್ನು ಅಕ್ಕಿ ಒಟ್ಟಿಯೊಂದಿಗೆ ಬಡಿಸುವುದು ವಾಡಿಕೆ. ಕಲ್ಲಣಬೆಯನ್ನು ಮಣ್ಣು ಹೋಗುವವರೆಗೆ ಉಜ್ಜಿ ತೊಳೆದು, ಸೀಳಿ, ಬೇಯಿಸಿ, ತೆಂಗಿನಕಾಯಿಯ ಮಸಾಲೆಯಲ್ಲಿ ಸಾರು ಅಥವಾ ಸುಕ್ಕ ಮಾಡುತ್ತಾರೆ. ಯಾವುದೇ ಕಾಡು ಅಣಬೆಯನ್ನು ಹಸಿಯಾಗಿ ತಿನ್ನಬಾರದು.

6. ವಿಷ ಅಣಬೆ: ತಪ್ಪು ಪರೀಕ್ಷೆಗಳು

ಈ ಕೆಳಕಂಡ ನಂಬಿಕೆಗಳು ಸಂಪೂರ್ಣ ತಪ್ಪಾಗಿದ್ದು, ಇವುಗಳನ್ನು ನಂಬಿ ಅಣಬೆಯನ್ನು ಬಳಸಬಾರದು.

ಅ) ಬೆಳ್ಳಿ ನಾಣ್ಯ ಅಥವಾ ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಬಣ್ಣ ಬದಲಾಗದಿದ್ದರೆ ಅಣಬೆ ವಿಷವಲ್ಲ.
ಆ) ಹುಳು, ಬಸವನಹುಳು ಅಥವಾ ಪ್ರಾಣಿ ತಿಂದಿದ್ದರೆ ಮನುಷ್ಯರೂ ತಿನ್ನಬಹುದು.
ಇ) ಬೆಳ್ಳಗಿರುವ, ಒಳ್ಳೆಯ ವಾಸನೆಯ ಅಣಬೆ ಸುರಕ್ಷಿತ.
ಈ) ಹುಣಸೆ ಅಥವಾ ಉಪ್ಪಿನೊಂದಿಗೆ ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ.

ಅಮಾನಿಟ ಕುಲದ ಕೆಲವು ಅಣಬೆಗಳಲ್ಲಿರುವ ಅಮಟಾಕ್ಸಿನ್ ಎಂಬ ವಿಷವು ಬೇಯಿಸುವುದರಿಂದ ನಾಶವಾಗುವುದಿಲ್ಲ. ಈ ಕುಲದ ಅನೇಕ ಅಣಬೆಗಳ ಕಾಂಡದ ಬುಡದಲ್ಲಿ ಚೀಲದಂತಹ ಹೊದಿಕೆಯಿರುತ್ತದೆ. ಅಣಬೆಯನ್ನು ನೆಲಮಟ್ಟದಲ್ಲಿ ಮುರಿದರೆ ಈ ಗುರುತು ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಬುಡ ನೋಡದೆ ಯಾವ ಅಣಬೆಯನ್ನೂ ಬುಟ್ಟಿಗೆ ಹಾಕಬಾರದು. ಹುಲ್ಲುಹಾಸು, ಗೊಬ್ಬರದ ಜಾಗಗಳಲ್ಲಿ ಏಳುವ, ಬಲಿತಂತೆ ಕೊಡೆಯಡಿಯ ಪದರಗಳು ಹಸಿರು ಛಾಯೆಗೆ ತಿರುಗುವ ಇನ್ನೊಂದು ಅಣಬೆಯು ತೀವ್ರ ವಾಂತಿ ಭೇದಿಯನ್ನುಂಟುಮಾಡುತ್ತದೆ. ಆದರೆ ಯಾವುದೇ ಒಂದು ಗುರುತು ಮಾತ್ರ ನಿರ್ಣಾಯಕವಲ್ಲ.

ಒಂದು ಸ್ಥಳದ ಅನುಭವವು ಇನ್ನೊಂದು ಸ್ಥಳಕ್ಕೆ ಅನ್ವಯಿಸುವುದಿಲ್ಲ. ವಲಸೆ ಬಂದ ಕಾರ್ಮಿಕರು ತಮ್ಮ ಊರಿನ ಅಣಬೆಯಂತೆಯೇ ಕಾಣುವ ಬೇರೆ ಅಣಬೆಯನ್ನು ಕೀಳುವ ಸಂಭವವಿದೆ. 2022ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಂ ರಾಜ್ಯದಲ್ಲಿ ಕಾಡು ಅಣಬೆ ತಿಂದು 13 ಮಂದಿ ಮರಣ ಹೊಂದಿದರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕುಟುಂಬದವರು.

7. ವಿಷಪ್ರಾಶನದ ಲಕ್ಷಣ ಮತ್ತು ಕ್ರಮ

ಅಮಟಾಕ್ಸಿನ್ ವಿಷದ ಲಕ್ಷಣಗಳು ತಿಂದ ಕೂಡಲೇ ಕಾಣುವುದಿಲ್ಲ. ಸಾಮಾನ್ಯವಾಗಿ 6ರಿಂದ 24 ಗಂಟೆಗಳ ನಂತರ ಹೊಟ್ಟೆನೋವು, ವಾಂತಿ, ಭೇದಿ ಆರಂಭವಾಗುತ್ತದೆ. ಬಳಿಕ ರೋಗಿಯು ಚೇತರಿಸಿಕೊಂಡಂತೆ ಕಂಡರೂ ಯಕೃತ್ತಿನ ಹಾನಿ ಮುಂದುವರಿಯುತ್ತದೆ. ವಾಂತಿ ನಿಂತಿತೆಂದು ಮನೆಯಲ್ಲಿಯೇ ಉಳಿಯುವುದು ಅತ್ಯಂತ ಅಪಾಯಕಾರಿ. ಆದುದರಿಂದ:

- ತಕ್ಷಣ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು.
- ಅದೇ ಅಡುಗೆಯನ್ನು ಉಂಡ ಎಲ್ಲರನ್ನೂ, ಲಕ್ಷಣವಿಲ್ಲದಿದ್ದರೂ, ತಪಾಸಣೆಗೆ ಒಳಪಡಿಸತಕ್ಕದ್ದು.
- ಉಳಿದ ಅಣಬೆ, ಸಿಪ್ಪೆ ಅಥವಾ ಅಡುಗೆಯನ್ನು ಎಸೆಯದೆ ವೈದ್ಯರಿಗೆ ತೋರಿಸತಕ್ಕದ್ದು.
- ತಿಂದ ಸಮಯವನ್ನು ತಪ್ಪದೆ ತಿಳಿಸತಕ್ಕದ್ದು.

8. ಸಂಗ್ರಹಣೆ ಮತ್ತು ಹಕ್ಕುಗಳು

ರಾಷ್ಟ್ರೀಯ ಉದ್ಯಾನ ಹಾಗೂ ವನ್ಯಜೀವಿಧಾಮಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನಗಳನ್ನು ತೆಗೆಯುವಂತಿಲ್ಲ. ಖಾಸಗಿ ತೋಟಗಳಲ್ಲಿ ಮಾಲೀಕರ ಒಪ್ಪಿಗೆ ಪಡೆಯತಕ್ಕದ್ದು.

2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆಯು ಪರಿಶಿಷ್ಟ ಬುಡಕಟ್ಟುಗಳಿಗೆ ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ, ಬಳಸುವ ಹಾಗೂ ವಿಲೇವಾರಿ ಮಾಡುವ ಹಕ್ಕನ್ನು ನೀಡುತ್ತದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರ ಸಮುದಾಯ ಹಕ್ಕುಗಳನ್ನು 2011ರಲ್ಲಿ ಮಾನ್ಯ ಮಾಡಲಾಯಿತು. ಅರ್ಜಿದಾರರು ಗಮನಿಸಬೇಕಾದ ಅಂಶಗಳು:

- ಸಮುದಾಯ ಹಕ್ಕಿನ ಕೋರಿಕೆಯನ್ನು ನಮೂನೆ-ಬಿ ಯಲ್ಲಿ ಗ್ರಾಮಸಭೆಯ ಅರಣ್ಯ ಹಕ್ಕುಗಳ ಸಮಿತಿಗೆ ಸಲ್ಲಿಸತಕ್ಕದ್ದು.
- ಕಾಯ್ದೆಯ ವ್ಯಾಖ್ಯೆಯಲ್ಲಿ ಅಣಬೆಯ ಹೆಸರು ಪ್ರತ್ಯೇಕವಾಗಿ ನಮೂದಾಗಿಲ್ಲ. ಆದುದರಿಂದ ಅರ್ಜಿಯಲ್ಲಿ ಅಣಬೆ ಸಂಗ್ರಹಣೆ, ಅದರ ಸ್ಥಳ ಮತ್ತು ಕಾಲವನ್ನು ಸ್ಪಷ್ಟವಾಗಿ ಬರೆಯುವುದು ಸೂಕ್ತ.
- ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವಾಗಿ ಪರಿಗಣಿತವಾಗುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಲಗತ್ತಿಸತಕ್ಕದ್ದು.
- ಗ್ರಾಮಸಭೆಯ ನಿರ್ಣಯದಿಂದ ಬಾಧಿತರಾದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮನವಿ ಸಲ್ಲಿಸಬಹುದು.

9. ಸಾರ್ವಜನಿಕರ ಗಮನಕ್ಕೆ

ಅಣಬೆಗಾಗಿ ಹುತ್ತವನ್ನು ಅಗೆಯಬಾರದು. ಕಾಂಡವನ್ನು ಮೆಲ್ಲಗೆ ತಿರುಗಿಸಿ ಕೀಳಬೇಕು. ರಸ್ತೆ ಬದಿಯಲ್ಲಿ ಕೊಳ್ಳುವಾಗ ಒಂದೇ ಜಾತಿಯ, ಬುಡ ಸಹಿತವಾದ ಅಣಬೆಯನ್ನು ಪರಿಚಿತರಿಂದ ಮಾತ್ರ ಕೊಳ್ಳಬೇಕು. ಚಿತ್ರಗಳನ್ನು ಹೋಲಿಸಿ ಅಣಬೆಯನ್ನು ಗುರುತಿಸಬಾರದು. ಆಯಾ ಸ್ಥಳದ ಅಣಬೆಯನ್ನು ವರ್ಷಗಳಿಂದ ಕಿತ್ತು, ಬೇಯಿಸಿ, ಉಂಡು ಬಲ್ಲ ಹಿರಿಯರು ಒಪ್ಪಿದ ಅಣಬೆಯನ್ನು ಮಾತ್ರ ಬಳಸಬೇಕು. ಅವರಿಗೆ ಸಂಶಯವಿದ್ದಲ್ಲಿ ಅಣಬೆಯನ್ನು ಬಿಟ್ಟುಬರುವುದೇ ಹಿಂದಿನಿಂದ ಬಂದ ಕ್ರಮ. ಕಿರಿಯರು ಮಳೆಗಾಲದಲ್ಲಿ ಹಿರಿಯರೊಂದಿಗೆ ಹೋಗಿ ಈ ಗುರುತುಗಳನ್ನು ಕಲಿತುಕೊಂಡಲ್ಲಿ ಮಾತ್ರ ಈ ಆಹಾರ ಪರಂಪರೆಯು ಸುರಕ್ಷಿತವಾಗಿ ಮುಂದುವರಿಯುವುದು.